ಅದು ಕಾಮಾಲೆಯಾಗಿರಲಿಲ್ಲ

ಹನ್ನೆರಡು ವರ್ಷದ ವರದಿಗಾರಿಕೆಯಲ್ಲಿ ನಾನು ಬರೆದ ಸುದ್ದಿಗಳಿಗೆ ಪತ್ರಿಕೆ ಮೂರು ಸಲ ತಿದ್ದುಪಡಿ ಹಾಕಿದೆ. ಇದು ನಾಲ್ಕನೆಯದು. ಇದನ್ನು ನಾನೇ ಕೇಳಿ ಹಾಕಿಸುತ್ತಿದ್ದೇನೆ.

ಕಳೆದ ವರ್ಷ ಬೇಸಿಗೆಯಲ್ಲಿ ಇಪ್ಪತ್ತೆರಡು ದಿನ ರಜೆಯಲ್ಲಿದ್ದೆ. ಕಚೇರಿಯಲ್ಲಿ, ಶಹಾಬಾದಿನ ಗೆಳೆಯರಲ್ಲಿ, ಬೀಗರಾಗಬೇಕಿದ್ದವರಲ್ಲಿ ಕಾಮಾಲೆ ಎಂದು ಹೇಳಿದ್ದೆ. ಹಲವರು ನಾಟಿ ಔಷಧಿಯವರ ಊರು ಹೇಳಿದರು. ಚಿಂಚೋಳಿಯ ನಮ್ಮ ಓದುಗರೊಬ್ಬರು ಕಾಡಿನಿಂದ ಬೇರು ಕೀಳಿಸಿ ತಂದು ಮನೆಗೇ ಕೊಟ್ಟು ಹೋದರು. ಅವರೆಲ್ಲರ ಕ್ಷಮೆ ಕೇಳುತ್ತೇನೆ. ಅದು ಕಾಮಾಲೆಯಾಗಿರಲಿಲ್ಲ. ಎಂಬತ್ತೆಂಟು ಕಿಲೊ ತೂಗುತ್ತಿದ್ದ ನಾನು ಕನ್ನಡಿಯ ಮುಂದೆ ನಿಂತರೆ ನನಗೆ ಕಡ್ಡಿಯಂತೆ ಕಾಣುತ್ತಿದ್ದೆ. ಅದು ರೋಗ ಎಂದು ನನಗೆ ಗೊತ್ತಿರಲಿಲ್ಲ. ಆ ಕಾಣುವಿಕೆಯನ್ನು ನಂಬಿ ಚುಚ್ಚುಮದ್ದು ಹಾಕಿಸಿಕೊಂಡೆ, ಸುಳ್ಳು ಹೇಳಿದೆ, ನಿಶ್ಚಯವಾದ ಮದುವೆಯನ್ನು ಎರಡು ಸಲ ಮುಂದಕ್ಕೆ ಹಾಕಿದೆ.

ನನ್ನ ಅಪ್ಪ ಭೀಮಶಾ, ಭಂಕೂರಿನ ಫರ್ಸಿ ಖಣಿಯಲ್ಲಿ ನಲವತ್ತು ವರ್ಷ ಕಲ್ಲು ಎಬ್ಬಿಸಿದವರು. ಹಾಸು ಹಾಸಾಗಿ ಬರುವ ಕಲ್ಲನ್ನು ಸೀಳಿ, ಹೆಗಲ ಮೇಲೆ ಹೊತ್ತು, ಲಾರಿಗೆ ಏರಿಸಿ ಅವರ ಎದೆ ಬಾಗಿಲಿನಷ್ಟು ಅಗಲವಾಗಿತ್ತು. ನಾನು ಅವ್ವನ ಕಡೆಯವರ ಹಾಗೆ ಸಪೂರ. ಅಪ್ಪನ ಕೈಹಿಡಿದು ಬಜಾರಿಗೆ ಹೋದರೆ ಚಹಾದಂಗಡಿಯಿಂದ ಒಂದು ಮಾತು ತಪ್ಪದೆ ಬರುತ್ತಿತ್ತು.

"ಭೀಮಶಾ, ಈ ಕಡ್ಡಿ ನಿನ್ನ ಮಗನೇನೋ? ಗಾಳಿ ಬಿಟ್ಟರ ಹಗ್ಗ ಹಚ್ಚಿ ಕಟ್ಟೋ ಮಾರಾಯ!"

ಎಲ್ಲರೂ ನಗುತ್ತಿದ್ದರು. ಅಪ್ಪನೂ ನಗುತ್ತಿದ್ದರು.

ವರದಿಗಾರನಾದ ಮೇಲೂ ಆ ನಗು ಬಿಡಲಿಲ್ಲ. ಒಂದು ಉದ್ಘಾಟನೆಯಲ್ಲಿ ಮುಖಂಡರೊಬ್ಬರು ನನ್ನ ಹೆಗಲ ಮೇಲೆ ಕೈ ಹಾಕಿ ಫೋಟೊ ತೆಗೆಸಿಕೊಳ್ಳುತ್ತ, "ಇವರ ಕೈಯಾಗ ಪೆನ್ನು ಕೊಡಬ್ಯಾಡ್ರಿ, ಪೆನ್ನು ಯಾವುದು ಪತ್ರಕರ್ತರು ಯಾವುದು ತಿಳಿಯಂಗಿಲ್ಲ" ಎಂದರು. ನಾನೂ ನಕ್ಕೆ. ಮರುವಾರ ವಾಡಿಯ ಜಿಮ್ಮಿಗೆ ಹೆಸರು ಹಚ್ಚಿದೆ.

ಟಾಯರ್ ಅಂಗಡಿಯ ಮೇಲಿನ ಆ ಜಿಮ್ ಇಲಿಯಾಸ್ ಉಸ್ತಾದರದು. ಅವರ ಅಜ್ಜ ಕೆಮ್ಮಣ್ಣಿನ ತಾಲೀಮು, ಅಂದರೆ ಗರಡಿಮನೆ, ನಡೆಸಿದ ಪೈಲ್ವಾನರು. ಉಸ್ತಾದರು ನನಗೆ ಕಲಿಸಿದ್ದೆಲ್ಲ ಸರಿಯಾಗಿಯೇ ಇತ್ತು. ಮೊದಲ ಎರಡು ವರ್ಷ ನನ್ನ ಬದುಕಿನ ಒಳ್ಳೆಯ ವರ್ಷಗಳು. ಬೆನ್ನು ನೆಟ್ಟಗಾಯಿತು, ನಿದ್ದೆ ಬಂತು. ಬಜಾರಿನಲ್ಲಿ ಮಾತೂ ಬದಲಾಯಿತು. "ಏನ್ರಿ, ಮೈ ಭಾರಿ ಬಂದದಲ್ಲ" ಎಂದರೆ ಒಂದು ವಾರ ಹಾರಾಡುತ್ತಿದ್ದೆ. "ಹೋದ ಸಲಕಿಂತ ಇಳಿದಂಗ ಕಾಣ್ತದ" ಎಂದು ಯಾರೋ ಸುಮ್ಮನೆ ಅಂದರೆ ಎರಡು ವಾರ ಬೀಳುತ್ತಿದ್ದೆ. ಫೋನಿನಲ್ಲಿ ದಿನವಿಡೀ ಕಾಣುತ್ತಿದ್ದ ಮೈಗಳ ಜತೆ ನನ್ನದನ್ನು ಹೋಲಿಸುತ್ತಿದ್ದೆ. ಅವುಗಳ ಹಿಂದೆ ದೀಪಗಳಿದ್ದವು, ಮುಂದೆ ಕ್ಯಾಮೆರಾ ಇತ್ತು ಎಂಬುದು ಪತ್ರಿಕೆಯವನಾದ ನನಗೆ ಹೊಳೆಯಬೇಕಿತ್ತು. ಹೊಳೆಯಲಿಲ್ಲ.

ನಾನು ಎಲ್ಲವನ್ನೂ ಬರೆದಿಡುವವನು. ನೋಟ್‌ಬುಕ್ಕಿನ ಹಿಂದಿನ ಪುಟಗಳಲ್ಲಿ ತೋಳು, ಎದೆ, ಕುತ್ತಿಗೆಯ ಸುತ್ತಳತೆ ಬರೆಯತೊಡಗಿದೆ. ಮೊದಲು ವಾರಕ್ಕೊಮ್ಮೆ, ಆಮೇಲೆ ದಿನಕ್ಕೆ ಎರಡು ಸಲ. ಅಳತೆ ಏರುತ್ತಿತ್ತು. ಕನ್ನಡಿಯಲ್ಲಿ ಕಾಣುವವನು ಮಾತ್ರ ಸಣ್ಣಗಾಗುತ್ತಲೇ ಹೋದ. ವಾಡಿಯ ಸಿಮೆಂಟ್ ಧೂಳಿನ ಮೇ ತಿಂಗಳ ಬಿಸಿಲಿನಲ್ಲಿ ತೋಳು ದಪ್ಪ ಕಾಣಲೆಂದು ಅಂಗಿಯ ಒಳಗೆ ಇನ್ನೊಂದು ಅಂಗಿ ತೊಟ್ಟು ತಿರುಗಿದೆ. ಮನೆಯಲ್ಲಿ ರೊಟ್ಟಿ ಮುಟ್ಟುವುದು ಬಿಟ್ಟೆ. ಮದುವೆಯ ಊಟಕ್ಕೂ ಕುದಿಸಿದ ಮೊಟ್ಟೆಯ ಡಬ್ಬಿ ಒಯ್ದೆ. ಅವ್ವ ಹೋಳಿಗೆ ತಟ್ಟೆ ಮುಂದಿಟ್ಟು ನನ್ನ ಮುಖ ನೋಡಿ, ಅದನ್ನು ತಿರುಗಿ ಒಳಗೆ ಒಯ್ದದ್ದು ನೆನಪಿದೆ.

ಮೂರನೆಯ ತಿದ್ದುಪಡಿ ಆ ಕಾಲದ್ದು. ಪಟ್ಟಣವೊಂದರ ಕುಡಿಯುವ ನೀರಿನ ಸಭೆ ಸಂಜೆ ಐದು ದಾಟಿದರೂ ಮುಗಿದಿರಲಿಲ್ಲ. ಅದು ನನ್ನ ಜಿಮ್ಮಿನ ಹೊತ್ತು. ಎದ್ದು ಹೋದೆ. ಆಮೇಲೆ ಒಬ್ಬರಿಗೇ ಫೋನ್ ಮಾಡಿ ಕೇಳಿ ಸುದ್ದಿ ಬರೆದೆ. ಅವರೂ ನನ್ನ ಹಿಂದೆಯೇ ಎದ್ದು ಹೋಗಿದ್ದರಂತೆ. ನಾವಿಬ್ಬರೂ ಹೋದ ಮೇಲೆ ನಿರ್ಣಯ ತಿರುಗಿತ್ತು. ಸಂಪಾದಕರು ಫೋನಿನಲ್ಲಿ ಬೈಯಲಿಲ್ಲ. "ಎರಡು ಮೂಲ ಇಲ್ಲದೆ ನೀನು ಸುದ್ದಿ ಕಳಿಸಿದ್ದು ಇದೇ ಮೊದಲು. ಮೈಯಲ್ಲಿ ಹುಷಾರಿದ್ದೀಯಾ?" ಎಂದು ಕೇಳಿದರು. ಹುಷಾರಿದ್ದೇನೆ ಎಂದೆ.

ಮೈ ಬೆಳೆಸುವ ಚುಚ್ಚುಮದ್ದು ಉಸ್ತಾದರಿಗೆ ಗೊತ್ತಿಲ್ಲದೆ ಶುರುವಾಯಿತು. ಕೊಟ್ಟವನ ಹೆಸರು, ಮದ್ದಿನ ಹೆಸರು ಎರಡನ್ನೂ ಇಲ್ಲಿ ಬರೆಯುವುದಿಲ್ಲ. ಇದನ್ನು ಓದಿ ಹುಡುಕಿಕೊಂಡು ಹೋಗುವವರು ಇರಬಹುದು. ಎಂಟು ತಿಂಗಳು ತೆಗೆದುಕೊಂಡೆ.

ಈ ನಡುವೆ ಸುವರ್ಣಾಳೊಂದಿಗೆ ನಿಶ್ಚಯವಾಗಿತ್ತು. ಅವಳ ಊರು ದಂಡೋತಿ, ಕೆಲಸ ಸೇಡಂನಲ್ಲಿ, ಆಸ್ಪತ್ರೆಯೊಂದರಲ್ಲಿ ಫಾರ್ಮಸಿಸ್ಟ್. ಹುಡುಗಿ ಒಪ್ಪಿದ್ದಳು, ಮನೆಯವರು ಒಪ್ಪಿದ್ದರು. ನನ್ನನ್ನು ಹೆದರಿಸಿದ್ದು ಸುರಗಿ. ನಮ್ಮ ಕಡೆ ಮದುವೆಯ ಮುನ್ನ ಅಂಗಳದ ನಾಲ್ಕು ಮೂಲೆಗೆ ನಾಲ್ಕು ತಂಬಿಗೆ ಇಟ್ಟು, ಸುತ್ತ ನೂಲು ಸುತ್ತಿ, ನಡುವೆ ಮದುಮಗನನ್ನೂ ಅವನ ತಂದೆ ತಾಯಿಯನ್ನೂ ಕೂಡಿಸಿ, ಅರಿಶಿಣ ಹಚ್ಚಿ ನೀರು ಹಾಕುತ್ತಾರೆ. ನಮ್ಮ ಮನೆಯ ರೂಢಿಯಲ್ಲಿ ಗಂಡಸರು ಬರಿಮೈಯಲ್ಲಿ ಕೂಡಬೇಕು. ಊರೆಲ್ಲ ಬಂದು ನಿಂತಿರುತ್ತದೆ. ಬಜಾರಿನಲ್ಲಿ ನಕ್ಕವರೂ ಬಂದಿರುತ್ತಾರೆ. ಮೈ ಇನ್ನೂ ತಯಾರಾಗಿಲ್ಲ ಎಂದು ನನಗೆ ಅನಿಸಿತು. ಮೊದಲ ಸಲ ಚುನಾವಣೆಯ ಕೆಲಸ ಎಂದು, ಎರಡನೆಯ ಸಲ ಅಜ್ಜಿಗೆ ಹುಷಾರಿಲ್ಲ ಎಂದು ತಾರೀಖು ಮುಂದೂಡಿಸಿದೆ.

ಮೂರನೆಯ ಸಲ ತಾರೀಖಿನ ಮಾತು ಬಂದಾಗ ಸುವರ್ಣಾ ತಾನೇ ಶಹಾಬಾದಿಗೆ ಬಂದಳು. ಬಸ್ ನಿಲ್ದಾಣದ ಹತ್ತಿರದ ಹೋಟೆಲಿನಲ್ಲಿ ಕೂತೆವು. ಮೊಟ್ಟೆಯ ಡಬ್ಬಿ ತೆಗೆಯಲು ಚೀಲಕ್ಕೆ ಕೈ ಹಾಕಿದಾಗ ಮದ್ದಿನ ಸಣ್ಣ ಪೆಟ್ಟಿಗೆಯೂ ಹೊರಬಂದು ಮೇಜಿನ ಮೇಲೆ ಬಿತ್ತು. ಅವಳು ಅದನ್ನೆತ್ತಿ ಓದಿದಳು.

"ಇದು ಯಾರದ್ರಿ?"

"ಗೆಳೆಯಂದು."

"ಗೆಳೆಯನ ಹೆಸರೇನು?"

ನಾನು ಚಹಾ ಕಡೆ ನೋಡಿದೆ. ಉತ್ತರ ತಡವಾದರೆ ಅದರ ಅರ್ಥವೇನು ಎಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು?

"ನೀವು ಮಂದಿಗಿ ಪ್ರಶ್ನೆ ಕೇಳೋರು. ಇವತ್ತ ನಾ ಕೇಳ್ತೀನಿ. ಚುನಾವಣಿ ಕೆಲಸ ಅಂದ್ರಿ, ನಿಮ್ಮ ಆಫೀಸಿಗಿ ಫೋನ್ ಹಚ್ಚಿದೆ. ನಿಮಗ ಎರಡು ದಿನ ರಜಾ ಇತ್ತಂತ. ಅಜ್ಜಿಗಿ ಆರಾಮಿಲ್ಲ ಅಂದ್ರಿ, ಅಜ್ಜಿ ಫೋನ್‌ನಾಗ ನನ್ನ ಜೋಡಿ ಅರ್ಧ ತಾಸು ಮಾತಾಡಿ, ಸೊಸಿ ಯಾವಾಗ ಬರ್ತಿ ಅಂತ ಕೇಳ್ಯಾರ. ನಾ ಬ್ಯಾಡಾಗಿದ್ರ ಹೇಳ್ರಿ, ನಮ್ಮಪ್ಪಗ ನಾನೇ ಹೇಳ್ತೀನಿ."

"ನೀ ಬೇಕು. ನಾನೇ ಇನ್ನೂ ತಯಾರಾಗಿಲ್ಲ," ಎಂದೆ. "ಮೈ ಇನ್ನೂ ಸಣ್ಣ ಅದ."

ಅವಳು ತಮಾಷೆ ಎಂದು ತಿಳಿದು ನಗಲು ಹೋದಳು. ನನ್ನ ಮುಖ ನೋಡಿ ನಿಲ್ಲಿಸಿದಳು.

"ಇನ್ನ ಎಷ್ಟ ತಯಾರಾಗ್ಬೇಕು? ಹೋದ ಸಲ ಆಟೋದಾಗ ನಿಮ್ಮ ಬಾಜೂಕ ಕುಂದ್ರಲಿಕ್ಕ ಜಾಗ ಸಿಗದ ಅರ್ಧ ಹೊರಗ ಕುಂತು ಬಂದೀನಿ ನಾ." ಆಮೇಲೆ ಪೆಟ್ಟಿಗೆಯನ್ನು ತನ್ನ ಚೀಲಕ್ಕೆ ಹಾಕಿಕೊಂಡಳು. "ಇದು ಜಡ್ಡು ಅದ ರೀ. ಕಲಬುರಗಿಗಿ ನಡೀರಿ, ತೋರಿಸೋಣು. ಮೂರನೇ ಸಲ ತಾರೀಖು ಮುಂದ ಹೋದ್ರ ಮಾತ್ರ ನಾ ಇರಂಗಿಲ್ಲ. ಸಿಟ್ಟಿಲೆ ಹೇಳ್ಲಿಕತ್ತಿಲ್ಲ. ಖರೇನೇ ಹೇಳ್ಲಿಕತ್ತೀನಿ."

ಕಲಬುರಗಿಯ ಆಸ್ಪತ್ರೆಯ ಕೆಳಮಹಡಿಯಲ್ಲಿ ರಕ್ತದೊತ್ತಡ ನೋಡಿದ ಡಾಕ್ಟರು ಯಂತ್ರ ಕೆಟ್ಟಿದೆಯೇನೋ ಎಂದು ಇನ್ನೊಂದು ತರಿಸಿದರು. ಯಂತ್ರ ಸರಿಯಿತ್ತು. ಲಿವರಿನ ಪರೀಕ್ಷೆ ಚೆನ್ನಾಗಿ ಬರಲಿಲ್ಲ. ಎದೆಯ ಒಂದು ಕಡೆ ಮುಟ್ಟಿದರೆ ನೋಯುವ ಗಂಟು ಬೆಳೆದಿತ್ತು; ಅದನ್ನು ಮುಚ್ಚಲೆಂದೇ ಎರಡನೆಯ ಅಂಗಿ ಬಿಟ್ಟಿರಲಿಲ್ಲ. ಗಂಡಸಾಗಿ ಕಾಣಲು ತೆಗೆದುಕೊಂಡ ಮದ್ದಿನಿಂದ ಹೆಂಗಸರಂತೆ ಎದೆ ಬೆಳೆಯುವುದೂ ಉಂಟು ಎಂದು ಡಾಕ್ಟರು ಹೇಳಿದರು. ಚುಚ್ಚುಮದ್ದು ನಿಲ್ಲಬೇಕು, ಈಗ ಮೇಲಿನ ಮಹಡಿಗೆ ಹೋಗಿ ಎಂದರು. ಮೇಲಿನ ಮಹಡಿಯಲ್ಲಿ ಮನೋವೈದ್ಯರು ಕೂಡುತ್ತಿದ್ದರು. ನನಗೆ ಅವಮಾನವಾಯಿತು. ಲಿವರು ಕೆಟ್ಟವನಿಗೆ ತಲೆಯ ಡಾಕ್ಟರೇಕೆ?

ಸುವರ್ಣಾ ಔಷಧಿ ತರಲು ಹೋಗಿದ್ದಳು. ಮೇಲಿನ ಮಹಡಿಯ ಬೆಂಚಿನ ಮೇಲೆ ನನ್ನ ಪಕ್ಕದಲ್ಲಿ ಕುಂಚಾವರಂ ಕಡೆಯ ಒಬ್ಬ ಅಜ್ಜಿ ಕೂತಿದ್ದಳು. ಅವಳ ಮಾತಿನಲ್ಲಿ ತೆಲುಗು ಬೆರೆತಿತ್ತು.

"ನಿನಗೇನಾಗ್ಯಾದ ಬಿಡ್ಡಾ?"

"ಬಿ.ಪಿ. ಅದ ಅಜ್ಜಿ."

ಅಜ್ಜಿ ನಕ್ಕಳು. "ಬೀಪಿಗಿ ಕೆಳಗ ನೋಡ್ತಾರ. ಇಲ್ಲಿ ಬಂದವರು ಮೊದಲ ದಿನ ಎಲ್ಲಾರೂ ಬೀಪಿ ಅಂತಾರ. ನಾನೂ ಅಂದಿದ್ದೆ." ಆಮೇಲೆ ಗಂಟು ಬಿಚ್ಚಿ ಅರ್ಧ ಜೋಳದ ರೊಟ್ಟಿಯ ಮೇಲೆ ಶೇಂಗಾ ಹಿಂಡಿ ಹಾಕಿ ನನ್ನ ಕೈಗೆ ಕೊಟ್ಟಳು. ಬೇಡ ಎನ್ನಲು ಬಾಯಿ ಬರಲಿಲ್ಲ. ಎಷ್ಟೋ ತಿಂಗಳ ಮೇಲೆ ತಿಂದ ಮೊದಲ ರೊಟ್ಟಿ ಅದು. ಆ ಅಜ್ಜಿಯ ಹೆಸರು ಕೇಳಿಕೊಳ್ಳಲಿಲ್ಲ. ವರದಿಗಾರನಾಗಿ ಅದು ನನ್ನ ಲೋಪ.

ಎರಡನೆಯ ಭೇಟಿಗೆ ಮನೆಯವರೊಬ್ಬರು ಬರಲಿ ಎಂದು ಮನೋವೈದ್ಯೆ ಹೇಳಿದ್ದರು. ಅಪ್ಪ ಬಂದರು. ಎಂದಿನಂತೆ ಎಡ ಹೆಗಲ ಮೇಲೆ ಟವೆಲು. ಲಿವರು ತೋರಿಸಲು ಬಂದಿದ್ದೇವೆ ಎಂದೇ ಅವರು ತಿಳಿದಿದ್ದರು. ಡಾಕ್ಟರು ಮೇಜಿನ ಮೇಲೆ ಒಂದು ಹಗ್ಗದ ತುಂಡು ಇಟ್ಟರು.

"ನಿಮ್ಮ ತೋಳು ಎಷ್ಟು ದಪ್ಪ ಇದೆ ಅನಿಸುತ್ತದೋ ಅಷ್ಟು ದೊಡ್ಡ ಸುತ್ತು ಇದರಿಂದ ಮಾಡಿ. ಮೈಗೆ ಹಚ್ಚಬೇಡಿ, ಅಂದಾಜಿನ ಮೇಲೆ ಮಾಡಿ."

ಮಾಡಿದೆ. ಆಮೇಲೆ ಅವರು ಆ ಸುತ್ತಿನಷ್ಟೇ ಹಗ್ಗ ಕತ್ತರಿಸಿ ತಂದು ನನ್ನ ತೋಳಿಗೆ ಸುತ್ತಿದರು. ತುದಿಗಳು ಕೂಡಲಿಲ್ಲ. ನಡುವೆ ದೊಡ್ಡ ಸಂದು ಉಳಿಯಿತು. ನೋಟ್‌ಬುಕ್ಕಿನಲ್ಲಿ ಸರಿಯಾದ ಅಳತೆ ದಿನಕ್ಕೆರಡು ಸಲ ಬರೆದವನು ನಾನೇ. ಆದರೂ ಕಣ್ಣು ಆ ಅಂಕಿಯನ್ನು ಒಂದು ದಿನವೂ ನಂಬಿರಲಿಲ್ಲ.

ಅಪ್ಪ ಕುರ್ಚಿಯಿಂದ ಎದ್ದು ಬಂದು ಬೆರಳು ಇಟ್ಟು ನೋಡಿದರು. ಖಣಿಯಲ್ಲಿ ಅವರ ಕಣ್ಣಳತೆಗೆ ಹೆಸರಿತ್ತು. ಅಳತೆಪಟ್ಟಿ ಹಿಡಿಯದೆ ಕಲ್ಲು ಸೀಳುವವರು.

"ನಾಲ್ಕು ಬಟ್ಟು ಕಮ್ಮಿ ಹೇಳಿದಿ," ಎಂದರು. "ಕಲ್ಲಿನ್ಯಾಗ ಹಿಂಗ ಹೇಳಿದ್ರ ಇಡೀ ಹಾಸು ಹಾಳಾಗ್ತಿತ್ತು. ನಿನ್ನ ಕಣ್ಣಿಗೇನಾಗ್ಯಾದೋ ರೇವಣಸಿದ್ದಾ?"

"ಅದನ್ನೇ ನೋಡಲಿಕ್ಕೆ ಬಂದಿದ್ದೀರಿ ಯಜಮಾನರೇ," ಎಂದರು ಡಾಕ್ಟರು.

ಹೊರಗೆ ಬೇವಿನ ಮರದ ಕೆಳಗೆ ಕಟ್ಟೆಯ ಮೇಲೆ ಕೂತೆವು. ನಾನು ಎಲ್ಲ ಹೇಳಿದೆ: ಚುಚ್ಚುಮದ್ದು, ಗಂಟು, ಸುರಗಿ. ಚಹಾದಂಗಡಿಯ ನಗುವನ್ನೂ ಹೇಳಿದೆ. ಅಪ್ಪ ಟವೆಲು ತೆಗೆದು ತೊಡೆಯ ಮೇಲಿಟ್ಟು ಅಂಗಿಯ ಗುಂಡಿ ಬಿಚ್ಚಿದರು.

"ಇದು ನೋಡು."

ಎಡ ಭುಜ ಬಲ ಭುಜಕ್ಕಿಂತ ಮೂರು ಬೆರಳು ಕೆಳಗಿತ್ತು. ಕಲ್ಲು ಹೊತ್ತ ಭುಜ. ಒಂದೇ ಮನೆಯಲ್ಲಿ ಮೂವತ್ತನಾಲ್ಕು ವರ್ಷ ಇದ್ದೂ ನಾನು ಅದನ್ನು ನೋಡಿರಲಿಲ್ಲ.

"ಈ ಟವೆಲು ಸುಮ್ಮ ಹಾಕ್ತೀನೇನು? ಮಂದಿ ನನ್ನ ಎದಿ ನೋಡಿ ಭಲೇ ಅಂತಿದ್ರು. ನಾ ಈ ಭುಜ ಒಂದೇ ನೋಡ್ತಿದ್ದೆ. ನಿಮ್ಮವ್ವಗ ಬಿಟ್ರ ಯಾರಿಗೂ ತೋರ್ಸಿಲ್ಲ." ಗುಂಡಿ ಹಾಕಿಕೊಳ್ಳುತ್ತ ಇನ್ನೊಂದು ಮಾತು ಅಂದರು. "ನಿನ್ನ ಮ್ಯಾಲ ನಗೋರ ಜೋಡಿ ನಾನೂ ನಕ್ಕೀನಿ. ಅದು ನನ್ನ ತಪ್ಪು, ತಮ್ಮಾ."

ಅಪ್ಪ ತಪ್ಪು ಎಂಬ ಮಾತು ಆಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ಬಸ್ಸಿನಲ್ಲಿ ವಾಪಸು ಬರುವಾಗ ನನ್ನ ಚೀಲದಲ್ಲಿದ್ದ ಅಳತೆಯ ಟೇಪನ್ನು ಅವರ ಕೈಗೆ ಕೊಟ್ಟೆ. ಅದು ಇವತ್ತಿಗೂ ಅವರ ಹತ್ತಿರವೇ ಇದೆ.

ಚಿಕಿತ್ಸೆ ಸುಲಭವಾಗಿತ್ತು ಎಂದು ಬರೆದರೆ ಐದನೆಯ ತಿದ್ದುಪಡಿ ಬೇಕಾಗುತ್ತದೆ. ಮದ್ದು ನಿಂತ ಮೇಲೆ ಮೈ ಇಳಿಯಿತು, ಮನಸ್ಸು ಅದಕ್ಕಿಂತ ಕೆಳಗೆ ಇಳಿಯಿತು. ಇಪ್ಪತ್ತೆರಡು ದಿನ ಆಸ್ಪತ್ರೆಗೆ ಬಿಟ್ಟರೆ ಮನೆಯಿಂದ ಹೊರಗೆ ಕಾಲಿಡಲಿಲ್ಲ. ಗುಳಿಗೆ ಇದ್ದವು, ವಾರಕ್ಕೊಮ್ಮೆ ಡಾಕ್ಟರ ಮುಂದೆ ಮಾತು ಇತ್ತು. ಒಂದು ದಿನ ನಾನು ಅವರಿಗೆ ನೀರಿನ ಸಭೆಯ ಸುದ್ದಿ ತಪ್ಪಾದದ್ದನ್ನು ಹೇಳಿದೆ. ಅವರು ಕೇಳಿದರು: "ಕನ್ನಡಿಯ ಸುದ್ದಿಗೆ ನಿಮ್ಮ ಎರಡನೆಯ ಮೂಲ ಯಾವುದು?"

ಅದಾದ ಮೇಲೆ ನೋಟ್‌ಬುಕ್ಕಿನ ಹಿಂದಿನ ಪುಟಗಳು ಬೇರೆಯಾದವು. ಕನ್ನಡಿ ಹೇಳಿದ್ದನ್ನು ಬರೆದು, ಅದರ ಕೆಳಗೆ ಇನ್ನೊಂದು ಮೂಲ ಹೇಳಿದ್ದನ್ನು ಬರೆಯಬೇಕು. ಒಂದು ದಿನದ್ದು ಹೀಗಿದೆ. ಕನ್ನಡಿ: ತೋಳು ಕಡ್ಡಿಯಾಗಿದೆ. ಇನ್ನೊಂದು ಮೂಲ: ಎರಡು ವರ್ಷದ ಹಿಂದಿನ ಅಂಗಿ ಇನ್ನೂ ತೋಳಿಗೆ ಏರುತ್ತಿಲ್ಲ. ಇನ್ನೊಂದು ದಿನದ್ದು. ಕನ್ನಡಿ: ಎಲ್ಲರೂ ನನ್ನನ್ನೇ ನೋಡುತ್ತಾರೆ. ಇನ್ನೊಂದು ಮೂಲ: ಚಿತ್ತಾಪುರದ ಬಸ್ಸಿನಲ್ಲಿ ಎಣಿಸಿದೆ, ನೋಡಿದವರು ಇಬ್ಬರು, ಅವರಲ್ಲಿ ಒಬ್ಬರು ಕಂಡಕ್ಟರ್.

ಮೂರು ತಿಂಗಳ ಮೇಲೆ ಜಿಮ್ಮಿಗೆ ಹೋಗಿ ಉಸ್ತಾದರಿಗೆ ಇದ್ದದ್ದನ್ನು ಇದ್ದಂತೆ ಹೇಳಿದೆ. ಅವರು ಗೋಡೆಯ ಕನ್ನಡಿಗಳನ್ನು ಒಂದೊಂದಾಗಿ ನೋಡಿದರು.

"ಸೂಜಿ ಯಾರು ಕೊಟ್ರು ಅಂತ ಕೇಳಂಗಿಲ್ಲ ರಿಪೋರ್ಟರ್ ಸಾಬ್. ನನ್ನ ಛತ್ತಿನ ಕೆಳಗ ಆಗ್ಯಾದ, ಶರಮು ನಂದು. ನಮ್ಮ ದಾದಾನ ತಾಲೀಮಿನ್ಯಾಗ ಒಂದು ಆಯ್ನಾ ಇದ್ದಿಲ್ಲ. ಪೈಲ್ವಾನರು ತಯಾರಾಗಿಲ್ಲೇನು? ಗಿರಾಕಿ ಕೇಳ್ತಾರಂತ ನಾನೇ ಇವು ಹಚ್ಚಿಸಿದೆ."

ಮನೆಗೆ ಹೋಗಿ ದೊಡ್ಡ ಹೂವಿನ ಚಾದರೊಂದನ್ನು ತಂದು ಮೂಲೆಯ ಕನ್ನಡಿಗೆ ಮೊಳೆ ಹೊಡೆದು ಇಳಿಬಿಟ್ಟರು. "ಈ ಮೂಲಿ ನಿಮ್ಮದು. ಇಲ್ಲಿ ಭಾರ ಎತ್ರಿ, ಮನೀಗಿ ಹೋಗ್ರಿ, ರೊಟ್ಟಿ ತಿನ್ರಿ." ಮೊದಲ ವಾರ ಅಲ್ಲಿ ನಾನೊಬ್ಬನೇ ಇದ್ದೆ. ಎರಡನೆಯ ವಾರ ರೈಲ್ವೆಯ ಒಬ್ಬರು ಬಂದು ಪಕ್ಕದಲ್ಲಿ ನಿಂತು, ಗೋಡೆ ನೋಡುತ್ತಲೇ, "ನನಗೂ ಹಿಂಗೇ ಅದ ರೀ" ಎಂದರು. ಈಗ ಆ ಮೂಲೆಗೆ ಸಂಜೆ ಸರತಿ ಇರುತ್ತದೆ. ಬೇರೆಯವರ ಮೈಯ ಬಗ್ಗೆ ಮಾತಾಡಬಾರದು ಎಂದು ಬಾಗಿಲ ಮೇಲೆ ಫಲಕ ಇದೆ. ಅದರ ಅಕ್ಷರ ನನ್ನದು. ನನ್ನ ಬರಹಗಳಲ್ಲಿ ಅದಕ್ಕಿಂತ ಹೆಚ್ಚು ಓದಿಸಿಕೊಂಡದ್ದು ಇನ್ನೊಂದಿಲ್ಲ, ಅದರ ಬಗ್ಗೆ ನನಗೆ ಹೆಮ್ಮೆ ಇದೆ.

ಮೂರನೆಯ ಸಲ ಗೊತ್ತಾದ ತಾರೀಖು ಮುಂದೆ ಹೋಗಲಿಲ್ಲ.

ಸುರಗಿಯ ದಿನ ನನ್ನ ತೂಕ ಮೊದಲಿಗಿಂತ ಹನ್ನೆರಡು ಕಿಲೊ ಕಡಿಮೆ ಇತ್ತು. ಎದೆಯ ಗಂಟು ಇಳಿದಿತ್ತು, ಪೂರ್ತಿ ಹೋಗಿರಲಿಲ್ಲ. ಬನಿಯನ್ ಹಾಕಿಕೊಂಡೇ ಮಣೆಯ ಮೇಲೆ ಕೂತೆ. ಒಂದು ಪಕ್ಕ ಅವ್ವ, ಇನ್ನೊಂದು ಪಕ್ಕ ಟವೆಲು ಹೊದ್ದ ಅಪ್ಪ. ಮುತ್ತೈದೆಯರು ತಂಬಿಗೆಗಳಿಗೆ ನೂಲು ಸುತ್ತುತ್ತಿದ್ದರು. ದೊಡ್ಡ ಅತ್ತೆ ಅರಿಶಿಣದ ಬಟ್ಟಲು ಹಿಡಿದು ನಿಂತಿದ್ದಳು.

"ಬನೇನು ತೆಗಿಯೋ ರೇವ್ಯಾ. ಅರಿಶಿಣ ನಿನಗ ಹಚ್ಚಬೇಕೋ, ನಿನ್ನ ಬನೇನಿಗೋ?"

ಎಲ್ಲರೂ ನಕ್ಕರು. ಅಂಗಳ ತುಂಬಿತ್ತು. ಚಹಾದಂಗಡಿಯವರೂ ಇದ್ದರು. ನನ್ನ ಕೈ ಏಳಲಿಲ್ಲ.

ಆಗ ಅಪ್ಪ ಟವೆಲು ತೆಗೆದರು. ಅವಸರವಿಲ್ಲದೆ ನಾಲ್ಕು ಮಡಿಕೆ ಮಾಡಿ, ನೂಲಿನ ಆಚೆ ಇಟ್ಟು, ಬರಿ ಭುಜದಲ್ಲಿ ಕೂತರು. ನಗು ನಿಂತಿತು.

"ಅಯ್ಯ ಭೀಮಶಾ, ನಿನ್ನ ಭುಜ ಯಾವಾಗ ಇಳೀತೋ?" ಎಂದಳು ಅತ್ತೆ.

"ಭಾಳ ವರ್ಷ ಆತು ಅಕ್ಕಾ. ನೀ ನೋಡಿದ್ದು ಇವತ್ತ."

ನಾನು ಬನಿಯನ್ ತೆಗೆದೆ. ಅತ್ತೆ ಅರಿಶಿಣ ಬಳಿಯುತ್ತ, "ಮದುಮಗ ಸ್ವಲ್ಪ ಇಳಿದಾನಲ್ಲ" ಎಂದಳು. ಆ ಮಾತು ಹಿಂದೆ ನನ್ನನ್ನು ಎರಡು ವಾರ ಕೆಡವುತ್ತಿತ್ತು. ಅಂದು ಮೊದಲ ತಂಬಿಗೆ ನೀರು ಬೀಳುವ ತನಕ ಇತ್ತು. ನೀರು ತಣ್ಣಗಿತ್ತು. ಅಪ್ಪನೂ ನಾನೂ ಒಟ್ಟಿಗೆ ಹಾ ಎಂದು ಕೂಗಿದೆವು.

ಈ ಬರಹಕ್ಕೆ ಹೆಸರು ಹಾಕದಿದ್ದರೂ ನಡೆಯುತ್ತದೆ ಎಂದರು ಸಂಪಾದಕರು. ಹಾಕಿ ಎಂದೆ. ಸುವರ್ಣಾ ಓದಿ, ಆಟೋದ ಮಾತು ಬೇಕಿತ್ತೇನ್ರಿ ಎಂದು ಕೇಳಿದಳು, ಆದರೆ ತೆಗೆಸಲಿಲ್ಲ. ಜತೆಗೆ ಸುರಗಿಯ ದಿನದ ಒಂದು ಚಿತ್ರ ಕಳಿಸುತ್ತಿದ್ದೇನೆ. ಅಪ್ಪನ ಒಪ್ಪಿಗೆ ಕೇಳಿದ್ದೇನೆ. ಭುಜ ಕತ್ತರಿಸದೆ ಹಾಕಲು ಹೇಳಿದ್ದಾರೆ. ಚಿತ್ರದ ಕೆಳಗೆ ಹಾಕಬೇಕಾದ ಸಾಲು ಇದು:

ಎಡದಿಂದ ಮೊದಲನೆಯವರು ಭಂಕೂರಿನ ಭೀಮಶಾ. ಅವರ ಪಕ್ಕದಲ್ಲಿ ಮಗ, ವರದಿಗಾರ. ಇಬ್ಬರೂ ಇದ್ದಂತೆಯೇ ಇದ್ದಾರೆ.